ಹನ್ನೊಂದು ಗಂಟೆ ಮಂಚ

ನಾನು ಬೇರೆಯವರ ಹೇಲು ಬಳಿದು ಬದುಕಿದವಳು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ.

ಹೆಸರು ಜೋಲಾನಾ. ನಾವು ರೋಮಾ ಜನ, ಊರಿನವರ ಬಾಯಲ್ಲಿ ಜಿಪ್ಸಿಗಳು. ಹುಟ್ಟಿದ್ದು ಸ್ಲೊವಾಕಿಯಾದ ಪೂರ್ವದಲ್ಲಿ, ಊರಾಚೆಯ ಒಂದು ಕೇರಿಯಲ್ಲಿ. ನಮ್ಮ ಕೇರಿಯ ಮಕ್ಕಳನ್ನೆಲ್ಲ ಬುದ್ಧಿಮಾಂದ್ಯರ ಶಾಲೆಗೆ ಹಾಕುತ್ತಿದ್ದರು. ಬುದ್ಧಿ ಇದೆಯೋ ಇಲ್ಲವೋ ಯಾರೂ ನೋಡುತ್ತಿರಲಿಲ್ಲ. ಚರ್ಮ ನೋಡುತ್ತಿದ್ದರು. ಆ ಶಾಲೆಯಲ್ಲಿ ಎಂಟು ವರ್ಷ ನೆಲ ಒರೆಸುವುದು ಕಲಿತೆ. ಆಮೇಲೆ ಗಂಡನ ಜೊತೆ ಇಂಗ್ಲೆಂಡಿಗೆ, ರಾದರಮ್‌ಗೆ ಬಂದೆ. ಮೂರನೇ ವರ್ಷಕ್ಕೆ ಗಂಡ ಸತ್ತ. ಉಳಿದವನು ಅವನ ಅಣ್ಣ ಗೇಜಾ, ನನ್ನ ಭಾವ. ಐವತ್ತೆಂಟು ವಯಸ್ಸು, ಎತ್ತಿನಂಥ ಬೆನ್ನು, ಕಡಿಮೆ ಮಾತು. ನಮ್ಮಿಬ್ಬರಿಗೂ ಡೆಸ್ಮಂಡ್ ಓಗ್ಲಿ ಕೆಲಸ ಕೊಟ್ಟ.

ಓಗ್ಲಿಯದು ಬಾಡಿಗೆ ಶೌಚಾಲಯದ ವ್ಯಾಪಾರ. ಮದುವೆಗೆ, ಕುದುರೆ ಪಂದ್ಯಕ್ಕೆ, ಬಯಲಿನ ಸಂಗೀತ ಮೇಳಕ್ಕೆ. ಟ್ರೈಲರಿನ ಒಳಗೆ ಮರದ ನೆಲ, ಹಿತ್ತಾಳೆ ನಲ್ಲಿ, ಹೂಕುಂಡ, ಗುಂಡಿ ಒತ್ತಿದರೆ ಪಿಟೀಲು. ನೆಲದ ಕೆಳಗೆ ಒಂದು ತೊಟ್ಟಿ. ಪಿಟೀಲು ಅವರಿಗೆ, ತೊಟ್ಟಿ ನಮಗೆ. ನಮ್ಮ ವ್ಯಾನಿನ ಬೆನ್ನಿಗೆ ಒಂದು ಟ್ಯಾಂಕು, ಪಂಪು, ಸೊಂಟದೆತ್ತರಕ್ಕೆ ಸುತ್ತಿಟ್ಟ ಪೈಪು. ಪೈಪಿನ ಬಾಯಿ ತೊಟ್ಟಿಗೆ ಇಳಿಸಬೇಕು, ಹೀರಬೇಕು. ಕಟ್ಟಿಕೊಂಡರೆ ಕೈ ಹಾಕಬೇಕು. ಶ್ರೀಮಂತರು ತೊಟ್ಟಿಗೆ ಏನೇನು ಹಾಕುತ್ತಾರೆಂದು ನನ್ನನ್ನು ಕೇಳಿ. ಫೋನು, ಚಡ್ಡಿ, ಒಮ್ಮೆ ಮದುವೆಯ ಉಂಗುರ. ಆ ಉಂಗುರಕ್ಕಾಗಿ ಗೇಜಾ ಭುಜದ ತನಕ ಕೈ ಇಳಿಸಿದ. ಮದುಮಗಳ ತಾಯಿ ಅದನ್ನು ಟಿಶ್ಯೂನಲ್ಲಿ ಹಿಡಿದು ತೆಗೆದುಕೊಂಡಳು. ಅವನ ಮುಖ ನೋಡಲಿಲ್ಲ. "ಇದನ್ನ ಕುದಿಸ್ಬೇಕಲ್ವಾ?" ಎಂದು ಪಕ್ಕದವಳನ್ನು ಕೇಳಿದಳು.

ಇನ್ನು ಪೆಟ್ಟಿಗೆಯ ವಿಷಯ. ಬರೀ ವ್ಯಾನು ಓಡಿಸಿದರೆ ಏನೂ ಬೇಡ. ಹಿಂದೆ ಟ್ರೈಲರ್ ಕಟ್ಟಿದರೆ ಎರಡರ ತೂಕ ಸೇರಿ ಮೂರೂವರೆ ಟನ್ ದಾಟುತ್ತದೆ. ಆಗ ಟ್ಯಾಕೋ ಪೆಟ್ಟಿಗೆ ಬೇಕು. ಅದರ ಬಾಯಿಗೆ ಡ್ರೈವರ್ ತನ್ನ ಹೆಸರಿನ ಕಾರ್ಡು ತೂರಿಸಬೇಕು. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ಬೇರೆ ಕೆಲಸ ಮಾಡಿದ, ಎಷ್ಟು ಹೊತ್ತು ವಿಶ್ರಾಂತಿ ತೆಗೆದುಕೊಂಡ, ಎಲ್ಲ ಅದರಲ್ಲಿ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ಬಿಡುವು. ದಿನಕ್ಕೆ ಹನ್ನೊಂದು ಗಂಟೆ ವಿಶ್ರಾಂತಿ. ಒಳ್ಳೆಯ ಕಾನೂನು. ಅದನ್ನು ಬರೆದವರು ಓಗ್ಲಿಯಂಥವರನ್ನು ನೋಡಿರಲಿಲ್ಲ ಅಷ್ಟೆ.

ಮೊದಮೊದಲು ಅವನು ಪೆಟ್ಟಿಗೆಯನ್ನೇ ಹಾಕಿಸಲಿಲ್ಲ. "ನೀವು ಡ್ರೈವರ್‌ಗಳಲ್ಲ ಕಣ್ರೋ, ತೊಳೆಯೋರು," ಎನ್ನುತ್ತಿದ್ದ. "ತೊಳೆಯೋರು ತಮ್ಮ ಸಾಮಾನು ತಾವೇ ಎಳ್ಕೊಂಡು ನೂರು ಕಿಲೋಮೀಟರ್ ಒಳಗೆ ಓಡಾಡಿದ್ರೆ ವಿನಾಯ್ತಿ ಇದೆ." ವ್ಯಾಪಾರ ಬೆಳೆಯಿತು. ನೂರು ಕಿಲೋಮೀಟರ್ ದಾಟಿತು. ಪೆಟ್ಟಿಗೆ ಬಂತು. ಆವತ್ತಿನಿಂದ ಅವನ ಮಾತು ತಿರುಗಿತು.

"ಇನ್ಮೇಲೆ ನೀವು ಡ್ರೈವರ್‌ಗಳು," ಎಂದ. "ಸ್ಟಿಯರಿಂಗ್ ಬಿಟ್ರೆ ವಿಶ್ರಾಂತಿ. ಗಾಡಿ ನಿಂತ ತಕ್ಷಣ ಈ ಗುಂಡಿ ಒತ್ತಿ."

ಪೆಟ್ಟಿಗೆಯಲ್ಲಿ ಮೂರು ಚಿತ್ರ. ಓಡಿಸುವಾಗ ಚಕ್ರ. ಬೇರೆ ಕೆಲಸಕ್ಕೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ. ವಿಶ್ರಾಂತಿಗೆ ಮಂಚ. ಗಾಡಿ ನಿಂತರೆ ಪೆಟ್ಟಿಗೆ ತಾನಾಗಿ ಸುತ್ತಿಗೆ ತೋರಿಸುತ್ತದೆ. ಆ ಕಬ್ಬಿಣದ ಡಬ್ಬಿಗಿದ್ದ ಮಾನ ಓಗ್ಲಿಗೆ ಇರಲಿಲ್ಲ. ಮಂಚ ಬರಬೇಕಾದರೆ ನಾವೇ ಒತ್ತಬೇಕು.

"ಇಳಿದ್ಮೇಲೆ ಕಕ್ಕಸು ತೊಳೀತೀವಲ್ಲ, ಅದು ಕೆಲ್ಸ ಅಲ್ವಾ?" ಎಂದೆ.

"ಅದನ್ನ ಪೆಟ್ಟಿಗೆ ನೋಡಲ್ಲ ಚಿನ್ನಾ." ಈ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಚಿನ್ನ ಎನ್ನುತ್ತಾರೆ, ಕೆಲಸದಿಂದ ತೆಗೆಯುವಾಗಲೂ. "ಒತ್ತೋಕೆ ಕಷ್ಟ ಆದ್ರೆ ಹೇಳಿ. ಕಷ್ಟ ಆಗದವ್ರು ಹೊರಗೆ ಸಾಲು ನಿಂತಿದಾರೆ."

ಒತ್ತಿದೆವು. ಎರಡು ವರ್ಷ ಒತ್ತಿದೆವು. ಮೊಣಕಾಲೂರಿ ಅಂಚು ಉಜ್ಜುವಾಗ ನಾನು ಮಂಚದ ಮೇಲಿದ್ದೆ. ತೊಟ್ಟಿಗೆ ಸುರಿಯುವ ನೀಲಿ ಔಷಧಿ ಕಣ್ಣಿಗೆ ಹಾರಿ ಕುರುಡಿಯಂತೆ ನಲ್ಲಿ ಹುಡುಕುವಾಗಲೂ ಮಂಚದ ಮೇಲಿದ್ದೆ. ಒತ್ತಿದ ಬೆರಳು ನನ್ನದೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆ ಜೂನ್ ತಿಂಗಳ ಗುರುವಾರ ಉತ್ತರದ ಒಂದು ಮೈದಾನದಲ್ಲಿ ಕುದುರೆ ಪಂದ್ಯ. ರಾದರಮ್‌ನಿಂದ ಮೂರು ಗಂಟೆ ದಾರಿ. ಎರಡು ವ್ಯಾನು, ಎರಡು ಟ್ರೈಲರ್. ಬೆಳಗ್ಗೆ ಎಂಟಕ್ಕೆ ನಿಲ್ಲಿಸಿ ಇಬ್ಬರೂ ಮಂಚ ಒತ್ತಿದೆವು. ಹೆಂಗಸರ ಕಡೆ ನಾನು, ಗಂಡಸರ ಕಡೆ ಗೇಜಾ. ಬಿಸಿಲು. ಬೆಳಗಿನಿಂದಲೇ ಕುಡಿತ. ಮಧ್ಯಾಹ್ನಕ್ಕೆ ರೇಷ್ಮೆ ಟೋಪಿಯ ಹೆಂಗಸರು ಬೇಸಿನ್‌ನಲ್ಲಿ ವಾಂತಿ ಮಾಡತೊಡಗಿದರು. ಗಂಡಸರಿಗೆ ಗುರಿ ಅನ್ನುವುದೇ ಇರಲಿಲ್ಲ. ಬಾಜಿ ಕಟ್ಟಿದ ಕುದುರೆ ಸೋತ ಸಿಟ್ಟನ್ನು ಗೋಡೆಯ ಮೇಲೆ ತೀರಿಸಿಕೊಂಡರು. ನಾವು ನಿಂತೇ ಒಂದು ತುಂಡು ರೊಟ್ಟಿ ತಿಂದೆವು. ಕೈ ವಾಸನೆ ರೊಟ್ಟಿಗೆ ಹತ್ತಿತ್ತು.

ಓಗ್ಲಿಯೂ ಬಂದಿದ್ದ. ಕೆಲಸಕ್ಕಲ್ಲ. ಬೂದು ಕೋಟು, ಎದೆಗೆ ಗುಲಾಬಿ, ಜೊತೆಗೆ ನಾಲ್ವರು ಗಿರಾಕಿಗಳು. ಮೂರು ಗಂಟೆಯ ಹೊತ್ತಿಗೆ ಉಚ್ಚೆಗೆಂದು ನಮ್ಮ ಟ್ರೈಲರಿಗೇ ಬಂದ. ಬಾಗಿಲು ತೆರೆದಿತ್ತು. ನಾನು ಹೊಸ ಕಾಗದದ ಸುರುಳಿ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದೆ. ಒಳಗೆ ಗೇಜಾ ನೆಲದ ಮೇಲೆ ಕೂತು ಒರೆಸುತ್ತಿದ್ದ. "ಸ್ವಲ್ಪ ಜರುಗಪ್ಪಾ," ಎಂದ ಓಗ್ಲಿ. ಜರುಗಲು ಜಾಗ ಎಲ್ಲಿ? ಅವನ ತಲೆಯ ಪಕ್ಕದಲ್ಲೇ ನಿಂತು ಹೊಯ್ದ. ಗಿರಾಕಿಗಳು ನಕ್ಕರು. ಗೇಜಾ ತಲೆ ತಗ್ಗಿಸಿಕೊಂಡು ಒರೆಸುತ್ತಲೇ ಇದ್ದ.

ಸಂಜೆ ಏಳಕ್ಕೆ ಹೊರಟೆವು. ಪೆಟ್ಟಿಗೆಯ ಪ್ರಕಾರ ನಾವು ಹನ್ನೊಂದು ಗಂಟೆ ನಿದ್ದೆ ಹೊಡೆದು ಎದ್ದವರು. ನಮ್ಮ ಹೊಸ ದಿನ ಆಗ ಶುರು! ಹತ್ತಕ್ಕೆ ಓಗ್ಲಿಯ ಗಾಡಿ ನಿಲ್ಲಿಸುವ ಅಂಗಳ ತಲುಪಿದೆವು. ಟ್ಯಾಂಕು ಖಾಲಿ ಮಾಡುವ ಜಾಗದ ಗೇಟು ಮುಚ್ಚಿತ್ತು. "ನಾಳೆ ದಾರೀಲಿ ಇನ್ನೊಂದು ಕಡೆ ಸುರೀರಿ," ಎಂದು ಓಗ್ಲಿ ಫೋನಿನಲ್ಲಿ ಹೇಳಿದ. ಬೆಳಗಿನ ಜಾವ ಮತ್ತೆ ಹೊರಡಬೇಕು, ಬೆಟ್ಟದಾಚೆ ಮದುವೆ. ಟ್ರೈಲರುಗಳ ಒಳಗೆಲ್ಲ ತೊಳೆದು ಮುಗಿಸುವಾಗ ರಾತ್ರಿ ಎರಡು. ಗೇಜಾ ಮನೆಗೆ ಹೋಗಲಿಲ್ಲ. ವ್ಯಾನಿನಲ್ಲೇ ಕಾಲು ಮಡಚಿ ಎರಡು ಗಂಟೆ ಕಣ್ಣು ಮುಚ್ಚಿದ.

ಶುಕ್ರವಾರ ಬೆಳಗ್ಗೆ ಆರು ಗಂಟೆಗೆ, ಬೆಟ್ಟದ ಇಳಿಜಾರು. ನಾನು ಅವನ ಹಿಂದೆ ಇದ್ದೆ. ಅವನ ಟ್ರೈಲರ್ ಒಮ್ಮೆ ಎಡಕ್ಕೆ ಬಾಲ ಬೀಸಿತು. ಒಮ್ಮೆ ಬಲಕ್ಕೆ. ನಾನು ಹಾರ್ನ್ ಒತ್ತಿ ಹಿಡಿದೆ. ಬ್ರೇಕಿನ ದೀಪ ಹತ್ತಲೇ ಇಲ್ಲ. ವ್ಯಾನು ನೆಟ್ಟಗೆ ಕಲ್ಲುಗೋಡೆಗೆ ಹೋಗಿ ಹೊಡೆಯಿತು. ಟ್ರೈಲರ್ ಅದರ ಮೇಲೆ ಮಗುಚಿತು. ಟ್ಯಾಂಕಿನ ಬಾಯಿ ಕಿತ್ತು, ಕುದುರೆ ಮೈದಾನದ ಒಂದು ದಿನದ ಹೇಲೆಲ್ಲ ಮುಂದಕ್ಕೆ ನುಗ್ಗಿತು.

ಅವನು ಅದರೊಳಗೆ ಬಿದ್ದಿದ್ದ. ನೀಲಿ ಹೇಲಿನಲ್ಲಿ, ಗಾಜಿನ ಚೂರಿನಲ್ಲಿ. ನಾನು ಅವನ ಕಂಕುಳಿಗೆ ಕೈಹಾಕಿ ಎಳೆದೆ. ಕೂಗಿಕೊಂಡ. ಬಾಯಿಯೊಳಗೂ ಹೋಗಿತ್ತು, ಕಾರಿದ. ಗೋಡೆಯ ಆಚೆ ಒಬ್ಬ ಕುರಿಯವನು ನಿಂತು ತೋಳಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಿದ್ದ.

"ಬನ್ನಿ, ಒಂದು ಕೈ ಹಾಕಿ!" ಎಂದೆ.

"ಆಂಬುಲೆನ್ಸಿಗೆ ಫೋನ್ ಮಾಡಿದೀನಿ," ಎಂದ ಅವನು. ಅಲ್ಲಿಂದ ಕದಲಲಿಲ್ಲ.

ಆಂಬುಲೆನ್ಸು ಗೇಜಾನನ್ನು ಒಯ್ದ ಮೇಲೆ ಓಗ್ಲಿ ಬಂದ. ಮೊದಲು ಟ್ರೈಲರಿನ ಸುತ್ತ ಎರಡು ಸುತ್ತು ಹಾಕಿದ. ಹಿತ್ತಾಳೆ ನಲ್ಲಿಯೊಂದು ಹುಲ್ಲಿನಲ್ಲಿ ಬಿದ್ದಿತ್ತು, ಎತ್ತಿ ಒರೆಸಿಕೊಂಡು ಜೇಬಿಗೆ ಹಾಕಿದ. ಆಮೇಲೆ ಮೂಗಿಗೆ ಕರವಸ್ತ್ರ ಹಿಡಿದು ವ್ಯಾನಿನೊಳಗೆ ಬಗ್ಗಿ ಪೆಟ್ಟಿಗೆಯ ಗುಂಡಿ ಒತ್ತಿದ. ಅಂಗಡಿ ಚೀಟಿಯಂಥ ಕಾಗದ ಉದ್ದಕ್ಕೆ ಹೊರಬಂತು.

"ನೋಡು," ಎಂದು ನನ್ನ ಮುಖದ ಮುಂದೆ ಹಿಡಿದ. "ಹನ್ನೊಂದು ಗಂಟೆ ಮಂಚ. ನಿನ್ನೆ ಹಗಲಿಡೀ ಬಿದ್ಕೊಂಡಿದಾನೆ. ಆದ್ರೂ ನಿದ್ದೆ ಮಾಡಿ ಗುದ್ದಿದಾನೆ ಅಂದ್ರೆ ಇನ್ನೇನು, ಕುಡ್ದಿರ್ಬೇಕು."

"ಕುಡಿದಿಲ್ಲ."

"ನಿಮ್ಮೋರು ಕುಡೀದೇ ಇರೋ ದಿನ ಯಾವ್ದಮ್ಮಾ?"

ನನ್ನ ಅಂಗಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಗೇಜಾನ ಸೊಂಟದ ಮೂಳೆ ಮುರಿದಿತ್ತು. ಪಕ್ಕೆಲುಬು ನಾಲ್ಕು. ಶ್ವಾಸಕೋಶಕ್ಕೆ ಸೋಂಕು. ರಕ್ತದಲ್ಲಿ ಒಂದು ಹನಿ ಹೆಂಡ ಇರಲಿಲ್ಲ ಎಂದು ಆಸ್ಪತ್ರೆಯವರೇ ಬರೆದುಕೊಟ್ಟರು. ಓಗ್ಲಿ ಒಂದು ಕಾಗದ ಕಳಿಸಿದ. ಸಾಕಷ್ಟು ವಿಶ್ರಾಂತಿ ಪಡೆದೂ ಅಜಾಗರೂಕತೆಯಿಂದ ಕಂಪನಿಯ ಆಸ್ತಿ ನಾಶ ಮಾಡಿದ್ದಕ್ಕಾಗಿ ಕೆಲಸದಿಂದ ತೆಗೆದಿದೆ. ನಾನು ಮಂಚದ ಪಕ್ಕ ಕೂತು ಓದಿ ಹೇಳಿದೆ. ಗೇಜಾ ಗೋಡೆಯ ಕಡೆ ತಿರುಗಿದ.

"ಮೊಮ್ಮಕ್ಕಳಿಗೆ ಹೇಳ್ಬೇಡ," ಎಂದ.

ಮೂರು ವಾರದ ಮೇಲೆ ಓಗ್ಲಿ ನನ್ನನ್ನು ಕಚೇರಿಗೆ ಕರೆದ. ಕುರ್ಚಿ ತೋರಿಸಿದ. ಅಷ್ಟು ವರ್ಷದಲ್ಲಿ ಆ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವನೇ ಚಹಾ ಮಾಡಿ ತಂದ.

"ಸಾರಿಗೆ ತನಿಖೆಯವ್ರು ಪೆಟ್ಟಿಗೆ ಬಿಚ್ಕೊಂಡು ಹೋಗಿದಾರೆ," ಎಂದ. "ಇನ್ಶೂರೆನ್ಸ್‌ನವ್ರೂ ಕೇಳ್ತಿದಾರೆ. ಏನಿಲ್ಲ, ಸಣ್ಣ ವಿಷಯ. ಇಲ್ಲೊಂದು ಸಹಿ ಹಾಕ್ಬಿಡು."

ಓದಿದೆ. ನಿಧಾನವಾಗಿ ಓದಿದೆ. ಪಂದ್ಯದ ದಿನ ಗೇಜಾ ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ವ್ಯಾನಿನಲ್ಲಿ ಮಲಗಿದ್ದ, ನಾನು ಕಣ್ಣಾರೆ ಕಂಡೆ ಎಂದು ಬರೆದಿತ್ತು.

"ಇದು ಸುಳ್ಳು," ಎಂದೆ.

"ನಿನ್ನ ಕಾರ್ಡೂ ಮಂಚಾನೇ ಹೇಳ್ತಿದೆಯಲ್ಲ. ಅವನದು ಸುಳ್ಳಾದ್ರೆ ನಿಂದೂ ಸುಳ್ಳು. ಸುಳ್ಳು ದಾಖಲೆಗೆ ಜೈಲಿದೆ, ಗೊತ್ತಾ? ಜೈಲಿಗೆ ಹೋದ ಹೊರಗಿನೋರನ್ನ ಈ ದೇಶ ಇಟ್ಕೊಳ್ಳುತ್ತೆ ಅನ್ಕೊಂಡ್ಯಾ?" ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದ. "ಸಹಿ ಹಾಕು ಚಿನ್ನಾ. ಹೊಸ ವ್ಯಾನು ನಿಂಗೇ ಕೊಡ್ತೀನಿ."

ನನಗೆ ಹೆದರಿಕೆ ಆಯಿತು. ಆದರೆ ಅವನ ಮುಖ ನೋಡಿದಾಗ ಹೆದರಿಕೆಗಿಂತ ಹೇಸಿಗೆ ಹೆಚ್ಚಾಯಿತು. ನಾನು ಹೇಸಿಗೆ ಬಲ್ಲವಳು. ಅದೇ ನನ್ನ ಕಸುಬು. ತೊಳೆದರೆ ಹೋಗುವ ಹೇಸಿಗೆ ಯಾವುದು, ಹೋಗದ್ದು ಯಾವುದು ಎಂದು ನನಗೆ ಗೊತ್ತು.

"ನೀವು ಗೇಜಾನ್ನ ನೋಡಿದ್ರಿ," ಎಂದೆ.

"ಯಾವಾಗ?"

"ಮೂರು ಗಂಟೆಗೆ. ಅವನು ನೆಲದ ಮೇಲೆ ಕೂತಿದ್ದ. ಅವನ ಕಿವಿ ಪಕ್ಕ ನೀವು ಉಚ್ಚೆ ಹೊಯ್ದ್ರಿ."

ಓಗ್ಲಿಯ ಕತ್ತು ಕೆಂಪಾಯಿತು. "ಬಾಯಿ ಬಿಗಿ ಹಿಡಿ."

"ಮಲಗಿದ್ದೋನನ್ನ ಜರುಗು ಅಂತ ಯಾಕಂದ್ರಿ? ಮಂಚದ ಮೇಲೆ ಹೊಯ್ದ್ರಾ?"

"ಹೊರಗೆ ನಡಿ!"

"ಹೋಗ್ತೀನಿ. ಸಹಿ ಹಾಕಲ್ಲ. ನಾಳೆ ನಿಮ್ಮ ತೊಟ್ಟಿ ನೀವೇ ಎತ್ಕೊಳ್ಳಿ. ಪೈಪು ಕಟ್ಕೊಂಡ್ರೆ ಕೈ ಹಾಕ್ಬೇಕು, ಭುಜದ ತನಕ. ಕೋಟು ಬಿಚ್ಚಿಡಿ."

ಚಹಾ ಮುಟ್ಟಲಿಲ್ಲ. ವ್ಯಾನಿನ ಕೀಲಿ ಮೇಜಿನ ಮೇಲಿಟ್ಟು ಬಂದೆ.

ಮರುವಾರ ನಾನಾಗಿಯೇ ತನಿಖೆಯವರ ಬಳಿಗೆ ಹೋದೆ. ಅಧಿಕಾರಿಯ ಹೆಸರು ವಿಟ್ವಮ್, ನನ್ನದೇ ವಯಸ್ಸಿನ ಹೆಂಗಸು. ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಲೆಂದು ಒಬ್ಬಳನ್ನು ಕರೆಸಿದ್ದರು. ಕ್ವೆಟಾ, ನಮ್ಮ ದೇಶದ ಬಿಳಿಯ ಹೆಂಗಸು, ಕತ್ತಿಗೆ ಮುತ್ತು. ನನ್ನನ್ನು ನೋಡಿದ ಕೂಡಲೇ ಕೈಚೀಲವನ್ನು ಆಚೆ ತೊಡೆಯ ಮೇಲೆ ಇಟ್ಟುಕೊಂಡಳು. ಸಾವಿರ ಮೈಲಿ ಬಂದರೂ, ರೋಮಾ ಎಂದರೆ ಕಳ್ಳರು ಎನ್ನುವ ಆ ಕೈಚೀಲ ಬದಲಾಗಿರಲಿಲ್ಲ.

"ಈಗ ಹೇಳೋದು ನಿಮ್ಮ ವಿರುದ್ಧವೂ ಹೋಗಬಹುದು. ಗೊತ್ತಿದೆಯಾ?" ಎಂದಳು ವಿಟ್ವಮ್.

"ಗೊತ್ತು. ಗುಂಡಿ ನಾನೇ ಒತ್ತಿದೆ. ಒತ್ತೋಕೆ ಹೇಳಿದ್ದು ಓಗ್ಲಿ."

"ಹಾಗಾದ್ರೆ ಆ ಹನ್ನೊಂದು ಗಂಟೆ ಏನು ಮಾಡ್ತಿದ್ರಿ?"

ಸ್ಲೊವಾಕ್ ಭಾಷೆಯಲ್ಲಿ ಹೇಳಿದೆ. ಎಂಟೂವರೆಗೆ ಮೊದಲ ಸಲ ಹೇಲಿನ ತೊಟ್ಟಿ ನೋಡಿದ್ದು, ಹತ್ತಕ್ಕೆ ಪೈಪು ಕಟ್ಟಿಕೊಂಡದ್ದು, ಗೇಜಾ ಕೈ ಹಾಕಿ ಹೇಲು ತೋಡಿದ್ದು. ಕ್ವೆಟಾ ಮೂಗು ಸೊಟ್ಟ ಮಾಡಿ ಇಂಗ್ಲಿಷಿಗೆ ತಿರುಗಿಸಿದಳು: "ನೈರ್ಮಲ್ಯ ನಿರ್ವಹಣೆ ಮಾಡ್ತಿದ್ರಂತೆ."

"ಹಾಗಂದಿಲ್ಲ ನಾನು," ಎಂದೆ ಇಂಗ್ಲಿಷಿನಲ್ಲೇ. "ಅಮ್ಮಾವ್ರೇ, ನಿಮ್ಮ ನಾಲಿಗೆ ಕೆಡೋದು ಬೇಡ. ಸುಮ್ನೆ ಕೂತ್ಕೊಳ್ಳಿ. ನಾನೇ ಹೇಳ್ತೀನಿ."

ನನ್ನ ಇಂಗ್ಲಿಷು ಮುರುಕು. ಆದರೆ ಆ ಒಂದು ಶಬ್ದ ಚೆನ್ನಾಗಿ ಬರುತ್ತದೆ. ಎಂಟರಿಂದ ಏಳರ ತನಕ ಗಂಟೆ ಗಂಟೆಗೂ ಹೇಳಿದೆ. ಎಷ್ಟು ಬಕೆಟ್, ಎಷ್ಟು ವಾಂತಿ, ಯಾರು ನಕ್ಕರು, ಯಾರು ಬೈದರು. ವಿಟ್ವಮ್ ಪೆನ್ನು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಅವಳು ಬರೆದಾದ ಮೇಲೆ ಮುಂದುವರಿಸಿದೆ.

"ಇದಕ್ಕೆ ಸಾಕ್ಷಿ?" ಎಂದಳು.

"ಪ್ರತಿ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸ್ತೀವಿ. ಅರ್ಧ ಗಂಟೆಗೊಂದ್ಸಲ ತೊಳ್ದು ಸಹಿ ಹಾಕ್ಬೇಕು. ಗುರುವಾರದ ಹಾಳೇಲಿ ಗೇಜಾನ ಸಹಿ ಇದೆ, ನಂದಿದೆ. ಆ ಹಾಳೆಗಳನ್ನ ಓಗ್ಲಿ ಮೈದಾನದವ್ರಿಗೆ ಬಿಲ್ಲಿನ ಜೊತೆ ಕಳಿಸ್ತಾನೆ. ಹೋಗಿ ಕೇಳಿ. ಹನ್ನೊಂದು ಗಂಟೆ ನಾವು ಎಡೆಬಿಡದೆ ತೊಳೆದ್ವಿ ಅಂತ ಅವ್ರಿಗೆ ಮಾರಿದಾನೆ. ಅದೇ ಹನ್ನೊಂದು ಗಂಟೆ ಮಲಗಿದ್ವಿ ಅಂತ ನಿಮಗೆ ಮಾರಿದಾನೆ."

ವಿಟ್ವಮ್ ತಲೆ ಎತ್ತಿ ನನ್ನನ್ನು ನೋಡಿದಳು. ಅಲ್ಲಿಯ ತನಕ ಅವಳು ಹಾಳೆಯನ್ನಷ್ಟೇ ನೋಡುತ್ತಿದ್ದಳು. ಕ್ವೆಟಾ ಮುತ್ತಿನ ಸರ ತಿರುವುತ್ತಿದ್ದಳು.

ಹಾಳೆಗಳು ಮೈದಾನದ ಕಚೇರಿಯ ಕಡತದಲ್ಲೇ ಸಿಕ್ಕವು. ನಮ್ಮಿಬ್ಬರ ಸಹಿ, ಪಕ್ಕದಲ್ಲಿ ಹೊತ್ತು. ಕೆಲಸದಿಂದ ತೆಗೆದ ಕಾಗದವನ್ನು ಓಗ್ಲಿ ವಾಪಸು ಪಡೆಯಬೇಕಾಯಿತು. ಗೇಜಾನಿಗೆ ಪರಿಹಾರವೂ ಬರಬೇಕೆಂದಾಯಿತು. ನ್ಯಾಯಾಲಯದಲ್ಲಿ ನನಗೂ ದಂಡ ಬಿತ್ತು. ಜೈಲಾಗಲಿಲ್ಲ. ಓಗ್ಲಿಗೆ ಹೆಚ್ಚು ಬಿತ್ತು. ಅವನ ವಕೀಲ ಅವನನ್ನು ಪಾಪ, ಯಂತ್ರ ಅರ್ಥವಾಗದ ಹಳೆಯ ಕಾಲದ ಮನುಷ್ಯ ಎಂದ. ಓಗ್ಲಿ ತಲೆ ತಗ್ಗಿಸಿ ನಿಂತು ಆ ಪೆದ್ದನ ವೇಷವನ್ನು ಚೆನ್ನಾಗಿಯೇ ಹಾಕಿದ. ಎರಡು ತಿಂಗಳಿಗೆ ಹೆಂಡತಿಯ ಹೆಸರಿನಲ್ಲಿ ಹೊಸ ಕಂಪನಿ ತೆರೆದ. ಅದೇ ಟ್ರೈಲರು, ಹೊಸ ಬಣ್ಣ. ಅಂಥವರು ಸಾಯುವುದಿಲ್ಲ, ಬಣ್ಣ ಬಳಿದುಕೊಳ್ಳುತ್ತಾರೆ. ನಾನೀಗ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ.

ಆದರೆ ಇದೆಲ್ಲ ಆಮೇಲಿನ ಮಾತು. ನಾನು ಹೇಳಿಕೆ ಕೊಟ್ಟು ಬಂದ ಸಂಜೆ ಗೇಜಾ ಮಗಳ ಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಊರುಗೋಲು ಒರಗಿಸಿಕೊಂಡು ಕೂತಿದ್ದ. ಮಗಳು ಒಲೆಯ ಮುಂದೆ ಇದ್ದಳು. ಎರಡು ಮೊಮ್ಮಕ್ಕಳು ಮೇಜಿನಡಿ ಆಡುತ್ತಿದ್ದವು. ನಡೆದದ್ದನ್ನು ನಾನು ನಮ್ಮ ರೋಮಾ ಭಾಷೆಯಲ್ಲಿ ಪಿಸುದನಿಯಲ್ಲಿ ಹೇಳಿದೆ. ತಾತ ದೊಡ್ಡ ಗಾಡಿಯ ಡ್ರೈವರ್ ಎಂದಷ್ಟೇ ಮಕ್ಕಳಿಗೆ ಗೊತ್ತಿತ್ತು.

ಗೇಜಾ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡ.

"ನನ್ನದೂ ನೀನೇ ಹೇಳಿದ್ಯಾ?" ಎಂದ.

"ಹೇಳ್ದೆ ಭಾವ. ಹೇಳ್ಬಾರ್ದಿತ್ತಾ?"

"ನಿಂದು ನೀನು ಹೇಳು. ನಂದು ನಾನೇ ಹೇಳ್ತೀನಿ. ನಾಳೆ ಕರ್ಕೊಂಡು ಹೋಗು."

"ಸೊಂಟ ಮುರ್ಕೊಂಡು ಎರಡು ಬಸ್ ಹತ್ತಿ ಇಳಿಯೋಕಾಗುತ್ತಾ?"

"ಟ್ಯಾಂಕು ಎಳೆದ ಸೊಂಟ ಕಣೆ ಇದು. ಎರಡು ಬಸ್ಸಿಗೇನು?"

ಕರೆದುಕೊಂಡು ಹೋದೆ. ಒಂದು ಮೆಟ್ಟಿಲು ಹತ್ತಲು ಒಂದು ನಿಮಿಷ. ಕೈ ಕೊಡಲು ಹೋದರೆ ಕೈ ತಳ್ಳಿದ. ವಿಟ್ವಮ್ ಎದುರು ಕೂತು ಮೂರು ಗಂಟೆ ಮಾತಾಡಿದ. ನಾನು ಇಂಗ್ಲಿಷಿಗೆ ತಿರುಗಿಸಿದೆ, ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಮಾತು ನಾನು ಕೇಳಿರಲಿಲ್ಲ. ನಡುವೆ ನೀರು ಕೊಟ್ಟರು, ಕುಡಿಯಲಿಲ್ಲ.

ಕೊನೆಗೆ ವಿಟ್ವಮ್ ಮೊದಲ ಹಾಳೆಯ ಮೇಲ್ತುದಿಗೆ ಮರಳಿದಳು. ಹೆಸರು ಬರೆದಳು, ವಯಸ್ಸು ಬರೆದಳು.

"ಉದ್ಯೋಗ?" ಎಂದಳು. "ಡ್ರೈವರ್ ಅಂತ ಬರೀಲಾ, ಶೌಚಾಲಯ ತೊಳೆಯುವವರು ಅಂತ ಬರೀಲಾ?"

ನಾನು ತಿರುಗಿಸುವ ಮೊದಲೇ ಅವನಿಗೆ ಅರ್ಥವಾಯಿತು. ಊರುಗೋಲು ನೆಲಕ್ಕೆ ಕುಟ್ಟಿದ.

"ಎರಡೂ ಬರೀರಿ," ಎಂದ. "ಎರಡೂ ಮಾಡಿದೀನಿ."